ನಿಂತಲ್ಲೇ ಸವೆಯುವ ಗಾಡಿ: ಪೊಲೀಸ್ ಗಸ್ತಿಗೆ ಎಂಥ ವಾಹನ ಬೇಕು?

ಅಮೆರಿಕದ ಮಿಷಿಗನ್ ರಾಜ್ಯದ ಪೊಲೀಸರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಕಾರುಗಳಿಗೆ ಪರೀಕ್ಷೆ ಇಡುತ್ತಾರೆ. ಮುಂದಿನ ವರ್ಷ ಮಾರಾಟಕ್ಕೆ ಬರಲಿರುವ ಪೊಲೀಸ್ ಮಾದರಿಗಳನ್ನು ಕಂಪನಿಗಳು ತಂದೊಪ್ಪಿಸುತ್ತವೆ. ನಿಂತಲ್ಲಿಂದ ಗಂಟೆಗೆ 160 ಕಿ.ಮೀ. ವೇಗ ಮುಟ್ಟಲು ಎಷ್ಟು ಸೆಕೆಂಡು ಹಿಡಿಯಿತು, ಗರಿಷ್ಠ ವೇಗ ಎಷ್ಟು, ಬ್ರೇಕ್ ಒತ್ತಿದ ಮೇಲೆ ಎಷ್ಟು ದೂರಕ್ಕೆ ನಿಂತಿತು ಎಂದೆಲ್ಲ ಚೆಲ್ಸಿಯ ಪರೀಕ್ಷಾ ಮೈದಾನದಲ್ಲಿ ಅಳೆಯುತ್ತಾರೆ. ಆಮೇಲೆ ಗ್ರಾಟನ್ ರೇಸ್ ಟ್ರ್ಯಾಕ್‌ನಲ್ಲಿ ನಾಲ್ವರು ಚಾಲಕರು ಒಂದೇ ಕಾರನ್ನು ತಲಾ ಎಂಟು ಸುತ್ತು ಓಡಿಸುತ್ತಾರೆ. ಒಬ್ಬನ ಕೈಚಳಕ ಕಾರಿನ ಗುಣವೆಂದು ದಾಖಲಾಗಬಾರದಲ್ಲ, ಅದಕ್ಕೆ ನಾಲ್ವರು. ಫಲಿತಾಂಶ ಬಚ್ಚಿಡುವ ಕಾಗದವಲ್ಲ. ಎಲ್ಲರಿಗೂ ಸಿಗುತ್ತದೆ, ಆ ದೇಶದ ಉದ್ದಗಲದ ಪೊಲೀಸ್ ಇಲಾಖೆಗಳು ಅದನ್ನು ಮುಂದಿಟ್ಟುಕೊಂಡೇ ಖರೀದಿಯ ಮಾತಾಡುತ್ತವೆ.

ಖರೀದಿಗೆ ಮುಂಚೆ ಇಷ್ಟು ಶ್ರದ್ಧೆಯಿಂದ ಅಳೆದು ನೋಡುವ ವ್ಯವಸ್ಥೆ ಬಹಳ ದೇಶಗಳಲ್ಲಿ ಇಲ್ಲ. ಒಳಗಿನ ಆಸನ, ರೇಡಿಯೊ ಕೂರಿಸುವ ಜಾಗ ಮುಂತಾದವಕ್ಕೂ ಅಲ್ಲಿ ಅಂಕಗಳಿವೆ. ಆದರೂ ಜನರ ಕಣ್ಣು ಹೋಗುವುದು ಸೆಕೆಂಡುಗಳ ಕಡೆಗೆ. ಗಸ್ತು ವಾಹನವೆಂದರೆ ಕಳ್ಳನ ಬೆನ್ನಟ್ಟುವ ಗಾಡಿ ಎಂಬ ಚಿತ್ರ ತಲೆಯಲ್ಲಿ ಕೂತುಬಿಟ್ಟಿದೆ. ನಿಜವಾದ ಗಸ್ತು ವಾಹನ ತನ್ನ ಆಯುಷ್ಯದ ಬಹುಪಾಲನ್ನು ಕಳೆಯುವುದು ನಿಂತುಕೊಂಡು: ಎಂಜಿನ್ ಚಾಲೂ, ದೀಪ ಚಾಲೂ, ಎಸಿ ಚಾಲೂ, ಚಕ್ರ ಮಾತ್ರ ಸ್ತಬ್ಧ.

ಫೋರ್ಡ್ ಕಂಪನಿ ತನ್ನ ಹೊಸ ಪೊಲೀಸ್ ಹೈಬ್ರಿಡ್ ವಾಹನವನ್ನು, ಅಂದರೆ ಎಂಜಿನ್, ಬ್ಯಾಟರಿ ಎರಡರಿಂದಲೂ ಓಡುವ ಗಾಡಿಯನ್ನು, ತರುವಾಗ ಈ ಲೆಕ್ಕವನ್ನೇ ಮುಂದಿಟ್ಟಿತ್ತು. ಎಂಟು ಗಂಟೆಯ ಪಾಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಪೊಲೀಸ್ ಕಾರು ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿರುತ್ತದೆ ಎಂದು ಅದು ಹೇಳಿತು. ಅದೇ ಕಂಪನಿಯ ಇನ್ನೊಂದು ಸೂತ್ರ ಇನ್ನೂ ಉಪಯುಕ್ತ. ಒಂದು ಗಂಟೆ ನಿಂತು ಓಡಿದ ಎಂಜಿನ್ನಿನ ಸವೆತ ಸುಮಾರು 33 ಮೈಲಿ, ಅಂದರೆ 53 ಕಿ.ಮೀ., ರಸ್ತೆಯಲ್ಲಿ ಓಡಿದ್ದಕ್ಕೆ ಸಮ. ಈ ಸೂತ್ರ ಹಿಡಿದು ಲೆಕ್ಕ ಹಾಕಿ: ಪಾಳಿಯೊಂದರಲ್ಲಿ ಐದು ಗಂಟೆ ನಿಂತ ಕಾರು, ಮೀಟರಿನಲ್ಲಿ ಒಂದು ಕಿಲೋಮೀಟರೂ ತೋರಿಸದೆ, 265 ಕಿ.ಮೀ. ಸವೆದಿರುತ್ತದೆ. ಎಣ್ಣೆ ಬದಲಿಸುವ ದಿನವನ್ನು ಕಿಲೋಮೀಟರ್ ನೋಡಿ ನಿಗದಿ ಮಾಡುವ ಗ್ಯಾರೇಜು ಈ ಕಾರಿನ ಎಂಜಿನ್ನನ್ನು ಗೊತ್ತಿಲ್ಲದೆಯೇ ಕೊಲ್ಲುತ್ತಿರುತ್ತದೆ. ಅಮೆರಿಕದ ಪೊಲೀಸ್ ಮಾದರಿಗಳಲ್ಲಿ ಕಿಲೋಮೀಟರಿನ ಜೊತೆಗೆ ಎಂಜಿನ್ ಓಡಿದ ಗಂಟೆ, ನಿಂತು ಓಡಿದ ಗಂಟೆ ಎರಡನ್ನೂ ತೋರಿಸುವ ಮೀಟರು ಇರುವುದು ಇದಕ್ಕಾಗಿ.

ಹಾಗಾದರೆ ಎಂಜಿನ್ ಆರಿಸಬಾರದೇ? ಆರಿಸುವುದು ಅಷ್ಟು ಸುಲಭವಲ್ಲ. ಮೇಲೆ ತಿರುಗುವ ದೀಪಗಳ ಸಾಲು, ವಯರ್‌ಲೆಸ್, ಕಂಪ್ಯೂಟರು, ಕ್ಯಾಮೆರಾ, ಚಾರ್ಜಿಗೆ ಇಟ್ಟ ಮೊಬೈಲುಗಳು, ಇವೆಲ್ಲ ಒಂದು ಸಾಮಾನ್ಯ ಬ್ಯಾಟರಿಯನ್ನು ಬೇಗನೆ ಹೀರಿಬಿಡುತ್ತವೆ. ಅಪಘಾತದ ಸ್ಥಳದಲ್ಲಿ ರಸ್ತೆಗೆ ಅಡ್ಡ ನಿಂತ ಕಾರಿನ ದೀಪ ಆರಿದರೆ ಹಿಂದಿನಿಂದ ಬರುವ ಲಾರಿಗೆ ಎಚ್ಚರಿಕೆ ಕೊಡುವವರಿಲ್ಲ. ಅದಕ್ಕೇ ಪೊಲೀಸ್ ಮಾದರಿಗಳಲ್ಲಿ ಎಂಜಿನ್ನಿನಿಂದ ವಿದ್ಯುತ್ ತಯಾರಿಸುವ ಆಲ್ಟರ್ನೇಟರ್ ಹೆಚ್ಚು ಸಾಮರ್ಥ್ಯದ್ದು, ದೊಡ್ಡ ರೇಡಿಯೇಟರ್, ಎಣ್ಣೆ ತಣ್ಣಗಿಡುವ ಪ್ರತ್ಯೇಕ ವ್ಯವಸ್ಥೆ ಕೊಡುತ್ತಾರೆ. ಷೋರೂಮಿನ ಕಾರಿಗೂ ಪೊಲೀಸ್ ಕಾರಿಗೂ ಇರುವ ನಿಜವಾದ ವ್ಯತ್ಯಾಸ ಬಣ್ಣದಲ್ಲಾಗಲೀ ಸೈರನ್ನಿನಲ್ಲಾಗಲೀ ಇಲ್ಲ. ಅದು ಬಾನೆಟ್ಟಿನ ಕೆಳಗೆ ಇದೆ.

ಈ ವ್ಯತ್ಯಾಸವನ್ನು ಕಡೆಗಣಿಸಿದರೆ ಏನಾಗಬಹುದು ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆ ಸಾಕು. ಅಲ್ಲಿನ ಪೊಲೀಸರು ಹೆದ್ದಾರಿ ಗಸ್ತಿಗೆ ಬಿಎಂಡಬ್ಲ್ಯು ಡೀಸೆಲ್ ಕಾರುಗಳನ್ನು ಬಹಳ ವರ್ಷ ನೆಚ್ಚಿಕೊಂಡಿದ್ದರು. ಅದರ ಎನ್57 ಎಂಜಿನ್ ವೇಗಕ್ಕೂ ಮೈಲೇಜಿಗೂ ಹೆಸರಾಗಿತ್ತು. 2020ರ ಜನವರಿಯಲ್ಲಿ ಕಂಬ್ರಿಯಾ ಪ್ರದೇಶದ ಎಂ6 ಹೆದ್ದಾರಿಯಲ್ಲಿ ತುರ್ತು ಕರೆಗೆ ಧಾವಿಸುತ್ತಿದ್ದ ಅಂಥ ಒಂದು ಕಾರಿನ ಎಂಜಿನ್ ಒಡೆದು, ಕಾರು ನಿಯಂತ್ರಣ ತಪ್ಪಿ, ಒಬ್ಬ ಅಧಿಕಾರಿ ಸತ್ತರು. ಆಮೇಲೆ ಆ ಎಂಜಿನ್ ಇದ್ದ ಪೊಲೀಸ್ ಕಾರುಗಳ ವೇಗದ ಓಡಾಟಕ್ಕೆ ಕಡಿವಾಣ ಬಿತ್ತು. ಪೊಲೀಸರು ಕಾರನ್ನು ಬಳಸುವ ವಿಶಿಷ್ಟ ರೀತಿಗೂ ಈ ದೋಷಕ್ಕೂ ಸಂಬಂಧವಿದೆ ಎಂಬುದು ಕಂಪನಿಯ ವಾದ. ಪೊಲೀಸರ ಬಳಕೆಯ ರೀತಿ ಎಂದರೆ ಇಷ್ಟೇ: ಗಂಟೆಗಟ್ಟಲೆ ನಿಂತಿರುವುದು, ಕರೆ ಬಂದ ಕ್ಷಣದಲ್ಲಿ ಪೂರ್ಣ ವೇಗ. ಕೊನೆಗೆ ಬ್ರಿಟನ್ನಿನ ಪೊಲೀಸರಿಗೆ ಕಾರು ಮಾರುವುದನ್ನೇ ಕಂಪನಿ ಕೈಬಿಟ್ಟಿತು. ಪೊಲೀಸರು ಪೊಲೀಸರಂತೆ ಓಡಿಸಿದ್ದು ತಪ್ಪೇ ಎಂದು ಕೇಳಬೇಕೆನಿಸುತ್ತದೆ. ಆದರೆ ಆ ಬಳಕೆಗೆ ಈ ಎಂಜಿನ್ ತಾಳುತ್ತದೆಯೇ ಎಂದು ಮೊದಲೇ ಪರೀಕ್ಷಿಸಬೇಕಾದವರು ಕೊಳ್ಳುವವರು, ಮಾರುವವರು ಇಬ್ಬರೂ.

2020ರ ಮಾದರಿಯಾಗಿ ಬಂದ ಫೋರ್ಡ್ ಪೊಲೀಸ್ ಇಂಟರ್‌ಸೆಪ್ಟರ್ ಯುಟಿಲಿಟಿ ಇದಕ್ಕೆ ಒಂದು ಉತ್ತರ. ಎಕ್ಸ್‌ಪ್ಲೋರರ್ ಎಂಬ ಮನೆಬಳಕೆಯ ಎಸ್‌ಯುವಿಯನ್ನು ಆಧರಿಸಿದ ಈ ಗಾಡಿಯಲ್ಲಿ 3.3 ಲೀಟರ್ ಎಂಜಿನ್ನಿನ ಜೊತೆ ಲೀಥಿಯಂ ಬ್ಯಾಟರಿ ಇದೆ. ನಿಂತಾಗ ದೀಪ, ರೇಡಿಯೊ, ಕಂಪ್ಯೂಟರುಗಳನ್ನು ಬ್ಯಾಟರಿ ನೋಡಿಕೊಳ್ಳುತ್ತದೆ. ಬ್ಯಾಟರಿ ಇಳಿದಾಗ ಎಂಜಿನ್ ತಾನಾಗಿ ಎದ್ದು, ತುಂಬಿಸಿ, ಮತ್ತೆ ಆರುತ್ತದೆ. ಸರ್ಕಾರಿ ಅಳತೆಯಲ್ಲಿ ಹಳೆಯ ಮಾದರಿ ಲೀಟರಿಗೆ ಸುಮಾರು 7 ಕಿ.ಮೀ. ಕೊಡುತ್ತಿದ್ದರೆ ಇದು 10 ಕಿ.ಮೀ. ದಾಟುತ್ತದೆ. ಈ ಅಳತೆಯಲ್ಲಿ ಗಂಟೆಗಟ್ಟಲೆ ನಿಲ್ಲುವ ಲೆಕ್ಕ ಸೇರಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಪೊಲೀಸ್ ಕೆಲಸದಲ್ಲಿ ನಿಜವಾದ ಉಳಿತಾಯ ಆಗುವುದು ಅಲ್ಲಿಯೇ.

ಎಂಜಿನ್ ಸರಿಯಿದ್ದರೆ ಆಯಿತೇ? ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದಲ್ಲಿ ನಡೆದದ್ದನ್ನು ನೋಡಿ. 2017ರಲ್ಲಿ ಅಲ್ಲಿನ ಪೊಲೀಸರು ಗಸ್ತಿನ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿ ಕೂತಾಗ ತಲೆಸುತ್ತು, ವಾಕರಿಕೆ ಎಂದು ದೂರತೊಡಗಿದರು. ಪರೀಕ್ಷಿಸಿದರೆ ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್. ಜುಲೈ ತಿಂಗಳಲ್ಲಿ ನಗರವು ಹತ್ತಿರ ಹತ್ತಿರ 400 ಗಾಡಿಗಳನ್ನು ಒಮ್ಮೆಗೇ ರಸ್ತೆಯಿಂದ ಹಿಂತೆಗೆದುಕೊಂಡಿತು. ಒಂದು ನಗರದ ಗಸ್ತು ಪಡೆ ರಾತ್ರೋರಾತ್ರಿ ಕಾಲುನಡಿಗೆಗೆ ಇಳಿದಷ್ಟು ದೊಡ್ಡ ಸಂಗತಿ ಅದು.

ಹೊಗೆ ಒಳಗೆ ಬರುತ್ತಿದ್ದದ್ದು ಎಲ್ಲಿಂದ? ಫೋರ್ಡ್ ತಜ್ಞರು ಹುಡುಕಿದಾಗ ಹಿಂಬದಿಯಲ್ಲಿ ತೂತುಗಳು ಸಿಕ್ಕವು. ಗಾಡಿ ಕಾರ್ಖಾನೆಯಿಂದ ಬಂದ ಮೇಲೆ ದೀಪ, ರೇಡಿಯೊ ಇತ್ಯಾದಿ ಅಳವಡಿಸುವವರು ತಂತಿ ಹಾಯಿಸಲು ಕೊರೆದ ತೂತುಗಳು ಅವು. ತಂತಿ ಹಾಯಿಸಿದ್ದರು, ತೂತಿನ ಸುತ್ತ ಸೀಲ್ ಹಚ್ಚಿರಲಿಲ್ಲ. ಗಾಡಿ ಯಾರದೇ ಇರಲಿ, ಎಷ್ಟೇ ಹಳೆಯದಿರಲಿ, ತಮ್ಮ ಖರ್ಚಿನಲ್ಲಿ ಮುಚ್ಚಿಕೊಡುತ್ತೇವೆ ಎಂದು ಕಂಪನಿ ಘೋಷಿಸಬೇಕಾಯಿತು. ಈ ಮಾದರಿಯ ಗಾಡಿಗಳ ಬಗ್ಗೆ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಅದಕ್ಕೂ ಹಿಂದಿನ ವರ್ಷವೇ ಆರಂಭಿಸಿದ್ದ ತನಿಖೆ ಮುಗಿದದ್ದು 2023ರಲ್ಲಿ.

ಯಾವ ಗಾಡಿ ಕೊಳ್ಳಬೇಕೆಂದು ವರ್ಷಗಟ್ಟಲೆ ತಲೆಕೆಡಿಸಿಕೊಳ್ಳುವ ಇಲಾಖೆ, ಅದರ ಮೈಮೇಲೆ ಡ್ರಿಲ್ ಹಿಡಿಯುವವನು ಯಾರು, ಅವನ ಕೆಲಸ ನೋಡುವವರು ಯಾರು ಎಂದು ಒಮ್ಮೆಯೂ ಕೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಗಾಡಿಯ ಬ್ರ್ಯಾಂಡಿಗಿಂತ ಇದು ದೊಡ್ಡ ಪ್ರಶ್ನೆ. ಏಕೆಂದರೆ ಕಾರ್ಖಾನೆಯ ಪ್ರತಿ ಬೋಲ್ಟಿಗೂ ತಪಾಸಣೆ ಇದೆ, ಅದರಾಚೆಯ ಷೆಡ್ಡಿನಲ್ಲಿ ಕೊರೆದ ತೂತಿಗೆ ಇಲ್ಲ.

ಫೋರ್ಡಿನ ಹಳೆಯ ಕ್ರೌನ್ ವಿಕ್ಟೋರಿಯಾ ಕಾರಿನ ಕಥೆಯಲ್ಲೂ ಇದೇ ಎಳೆ ಸಿಗುತ್ತದೆ. ಎರಡು ದಶಕ ಅಮೆರಿಕದ ಪೊಲೀಸ್ ಕಾರೆಂದರೆ ಅದೇ: ಗಟ್ಟಿ ಚಾಸಿ, ಎಂಟು ಸಿಲಿಂಡರಿನ ಎಂಜಿನ್, ಹಿಂದಿನ ಚಕ್ರಗಳಿಗೆ ಶಕ್ತಿ, ಯಾವ ಮೆಕ್ಯಾನಿಕ್ಕಾದರೂ ಬಿಚ್ಚಿ ಜೋಡಿಸಬಹುದಾದ ಸರಳತೆ. ಅದರ ಇಂಧನ ಟ್ಯಾಂಕು ಹಿಂದಿನ ಆ್ಯಕ್ಸಲ್ಲಿನ ಹಿಂಭಾಗದಲ್ಲಿತ್ತು. ರಸ್ತೆಬದಿಯಲ್ಲಿ ನಿಂತಾಗ ವೇಗವಾಗಿ ಬಂದ ವಾಹನ ಗುದ್ದಿ, ಟ್ಯಾಂಕು ಒಡೆದು, ಬೆಂಕಿ ಹೊತ್ತಿ ಹಲವು ಅಧಿಕಾರಿಗಳು ಸತ್ತರು. 2002ರಲ್ಲಿ ಕಂಪನಿ ಟ್ಯಾಂಕಿಗೆ ರಕ್ಷಾಕವಚ ಕೊಡಲು ಮುಂದಾಯಿತು. ಕಾರಿನ ಹಿಂಭಾಗದ ಡಿಕ್ಕಿಯಲ್ಲಿ ತುಂಬಿಟ್ಟ ಸಲಕರಣೆಗಳೇ ಗುದ್ದಿನ ಹೊಡೆತಕ್ಕೆ ಟ್ಯಾಂಕಿಗೆ ಚುಚ್ಚಿಕೊಳ್ಳುವ ಅಪಾಯವೂ ಇತ್ತು. ಹಾಗಾಗಿ ಸಾಮಾನುಗಳನ್ನು ಹೇಗೆ ಜೋಡಿಸಿಡಬೇಕೆಂಬ ಪೆಟ್ಟಿಗೆಯ ವ್ಯವಸ್ಥೆಯೂ ಬಂತು. ಮನೆಯವರ ಕಾರು ರಸ್ತೆಬದಿ ಅಪರೂಪಕ್ಕೆ ನಿಲ್ಲುತ್ತದೆ. ಪೊಲೀಸರ ಕಾರಿಗೆ ಅಲ್ಲಿ ನಿಲ್ಲುವುದೇ ಉದ್ಯೋಗ. ಹಿಂದಿನಿಂದ ಬೀಳುವ ಗುದ್ದು ಆ ಉದ್ಯೋಗದ ಭಾಗ.

ಆಸನದ ವಿಷಯಕ್ಕೆ ಬಂದರೆ, ಸೊಂಟಪಟ್ಟಿಯಲ್ಲಿ ಬಂದೂಕು, ಬೇಡಿ, ವಾಕಿಟಾಕಿ, ಟಾರ್ಚು ಸಿಕ್ಕಿಸಿಕೊಂಡವನು ಮಾಮೂಲಿ ಕಾರಿನ ಸೀಟಿನಲ್ಲಿ ಎಂಟು ಗಂಟೆ ಕೂರಲಾರ. ಸೀಟಿನ ಪಕ್ಕದ ಉಬ್ಬುಗಳು ಆ ಸಾಮಾನುಗಳನ್ನು ಪಕ್ಕೆಗೆ ಒತ್ತುತ್ತವೆ, ಬೆನ್ನು ನೆಟ್ಟಗೆ ನಿಲ್ಲುವುದಿಲ್ಲ. ಅದಕ್ಕೇ ಫೋರ್ಡ್, ಷೆವ್ರೊಲೆಗಳ ಪೊಲೀಸ್ ಸೀಟುಗಳಲ್ಲಿ ಆ ಭಾಗವನ್ನು ಕತ್ತರಿಸಿ ತಗ್ಗಿಸಿದ್ದಾರೆ. ಗೇರ್ ಕೋಲನ್ನು ಸ್ಟೇರಿಂಗ್ ಕಂಬಕ್ಕೆ ಏರಿಸಿ ಎರಡು ಸೀಟುಗಳ ನಡುವೆ ಕಂಪ್ಯೂಟರಿಗೆ ಜಾಗ ಬಿಟ್ಟಿದ್ದಾರೆ. ಹಿಂದಿನ ಸೀಟು, ನೆಲ ಎರಡೂ ತೊಳೆಯಲು ಬರುವಂಥ ರಬ್ಬರು, ವಿನೈಲು. ಏಕೆ ಎಂದು ಶನಿವಾರ ರಾತ್ರಿ ಕುಡಿದವರನ್ನು ಠಾಣೆಗೆ ತಂದ ಯಾವ ಕಾನ್‌ಸ್ಟೆಬಲ್ ಆದರೂ ಹೇಳುತ್ತಾನೆ.

ಇಷ್ಟೆಲ್ಲ ಬೇಕು ಎಂದಾದ ಮೇಲೆ ಪೊಲೀಸರಿಗೆಂದೇ ಒಂದು ಕಾರು ಕಟ್ಟಬಾರದೇ? ಕಟ್ಟಲು ಹೊರಟವರಿದ್ದರು. ಕಾರ್ಬನ್ ಮೋಟರ್ಸ್ ಎಂಬ ಕಂಪನಿ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್ ಎಂಬ ಊರಿನ ಹಳೆಯ ಕಾರ್ಖಾನೆಯಲ್ಲಿ ಇ7 ಎಂಬ ಕಾರು ತಯಾರಿಸುವ ಯೋಜನೆ ಹಾಕಿತ್ತು. ಆ ಕಾರಿನ ನಕ್ಷೆಯಲ್ಲಿ ಮೊದಲ ಗೆರೆಯಿಂದಲೇ ಗಿರಾಕಿ ಪೊಲೀಸ್. ಡೀಸೆಲ್ ಎಂಜಿನ್‌ಗಳಿಗಾಗಿ ಬಿಎಂಡಬ್ಲ್ಯು ಜೊತೆ ಒಪ್ಪಂದವೂ ಆಯಿತು. ಕೇಂದ್ರ ಇಂಧನ ಇಲಾಖೆಯ ಸಾಲವನ್ನು ನಂಬಿ ಕೂತಿತ್ತು. 2012ರ ಮಾರ್ಚಿನಲ್ಲಿ ಸಾಲ ಸಿಗುವುದಿಲ್ಲ ಎಂದು ಗೊತ್ತಾಯಿತು, ಮರುವರ್ಷ ಕಂಪನಿ ದಿವಾಳಿ. ಪೊಲೀಸರ ಮಾರುಕಟ್ಟೆ ಒಂದು ಹೊಸ ಕಾರಿನ ಖರ್ಚು ಹೊರುವಷ್ಟು ದೊಡ್ಡದಲ್ಲ.

ಹೀಗಾಗಿ ಪೊಲೀಸರು ಆರಿಸಿಕೊಳ್ಳುವುದು ಜನಸಾಮಾನ್ಯರು ಕೊಳ್ಳುವ ಗಾಡಿಗಳಲ್ಲಿ ಒಂದನ್ನು. ಜನ ಕೊಳ್ಳುವುದನ್ನು ನಿಲ್ಲಿಸಿದರೆ ಪೊಲೀಸರಿಗೂ ಅದು ಇಲ್ಲ. ಕ್ರೌನ್ ವಿಕ್ಟೋರಿಯಾ 2011ರ ಸೆಪ್ಟೆಂಬರಿನಲ್ಲಿ ಕೆನಡಾದ ಸೇಂಟ್ ಥಾಮಸ್ ಕಾರ್ಖಾನೆಯೊಂದಿಗೇ ಕಣ್ಮುಚ್ಚಿತು. ಅದಕ್ಕೂ ಮುಂಚೆ ಕೆಲವು ಇಲಾಖೆಗಳು ಹೆಚ್ಚುವರಿ ಕಾರುಗಳನ್ನು ಕೊಂಡು ದಾಸ್ತಾನು ಮಾಡಿಟ್ಟವು. ಷೆವ್ರೊಲೆಯ ಕ್ಯಾಪ್ರಿಸ್ ಆಸ್ಟ್ರೇಲಿಯಾದಿಂದ ಬರುತ್ತಿತ್ತು, ಅಲ್ಲಿನ ಹೋಲ್ಡನ್ ಕಾರ್ಖಾನೆ 2017ರಲ್ಲಿ ಮುಚ್ಚಿತು. ಫೋರ್ಡಿನ ಟಾರಸ್ ಆಧರಿಸಿದ ಪೊಲೀಸ್ ಕಾರು 2019ಕ್ಕೆ, ಡಾಡ್ಜ್ ಚಾರ್ಜರ್ 2023ಕ್ಕೆ ನಿಂತವು. ಈಗ ಅಮೆರಿಕದ ಪೊಲೀಸರ ಮುಂದೆ ಉಳಿದಿರುವುದು ಹೆಚ್ಚೂಕಡಿಮೆ ಎಸ್‌ಯುವಿ, ಪಿಕಪ್‌ಗಳು ಮಾತ್ರ. ಪೊಲೀಸರಿಗೆ ಎಸ್‌ಯುವಿ ಮೇಲೆ ವ್ಯಾಮೋಹ ಹುಟ್ಟಿತು ಎಂದು ಬರೆಯುವವರು ಈ ಅರ್ಧವನ್ನು ಮರೆಯುತ್ತಾರೆ. ಇನ್ನರ್ಧ ನಿಜವೇ: ಹತ್ತಿ ಇಳಿಯುವುದು ಸುಲಭ, ಸಾಮಾನು ಹೆಚ್ಚು ಹಿಡಿಯುತ್ತದೆ, ಹೊರುವ ತೂಕ ಹೆಚ್ಚು.

ವಿದ್ಯುತ್ ಕಾರುಗಳಿಗೆ ಈ ಲೆಕ್ಕ ಅನ್ವಯಿಸಿದರೆ ಉತ್ತರ ಊರಿಂದೂರಿಗೆ ಬದಲಾಗುತ್ತದೆ. ನಿಂತಾಗ ಎಂಜಿನ್ ಸವೆಯುವ ಪ್ರಶ್ನೆಯೇ ಅಲ್ಲಿಲ್ಲ. ಬ್ಯಾಟರಿಯ ಕಾರಿಗೆ ಗಸ್ತು ಹೇಳಿಮಾಡಿಸಿದ ಕೆಲಸದಂತೆ ಕಾಣುತ್ತದೆ. 2024ರಲ್ಲಿ ಕ್ಯಾಲಿಫೋರ್ನಿಯಾದ ಸೌತ್ ಪಸಡೇನಾ ತನ್ನ ಪೆಟ್ರೋಲ್ ಕಾರುಗಳನ್ನೆಲ್ಲ ಬಿಟ್ಟು 20 ಟೆಸ್ಲಾಗಳಿಗೆ ಬದಲಾಯಿತು. ಊರು ಇರುವುದೇ ಒಂಬತ್ತು ಚದರ ಕಿಲೋಮೀಟರು, ಠಾಣೆಯ ಪಕ್ಕದಲ್ಲೇ ಚಾರ್ಜರುಗಳು. ಅದೇ ರಾಜ್ಯದ ಫ್ರೀಮಾಂಟ್‌ನಲ್ಲಿ 2019ರಲ್ಲಿ ಬೆನ್ನಟ್ಟುತ್ತಿದ್ದ ಅಧಿಕಾರಿಯೊಬ್ಬರು ಇನ್ನು ಹತ್ತು ಕಿಲೋಮೀಟರಿನಷ್ಟೇ ಚಾರ್ಜ್ ಉಳಿದಿದೆ ಎಂದು ವಯರ್‌ಲೆಸ್‌ನಲ್ಲಿ ಹೇಳಬೇಕಾಯಿತು. ಅದನ್ನು ಓದಿ ನಕ್ಕವರು ಬಹಳ ಮಂದಿ. ಪಾಳಿ ಶುರುವಾಗುವಾಗಲೇ ಕಾರಿನಲ್ಲಿ ಪೂರ್ತಿ ಚಾರ್ಜ್ ಇರಲಿಲ್ಲ ಎಂದು ಇಲಾಖೆ ಹೇಳಿತು. ಅಂದರೆ ಎಡವಿದ್ದು ಪಾಳಿ ಬದಲಾಗುವ ಹೊತ್ತಿನಲ್ಲಿ. ಮೂರು ಪಾಳಿಯಲ್ಲೂ ಒಂದೇ ಗಾಡಿ ಓಡುವ ಠಾಣೆಯಲ್ಲಿ ಅದನ್ನು ಚಾರ್ಜಿಗೆ ಹಾಕುವ ಹೊತ್ತೇ ಇಲ್ಲ. ಹೆಚ್ಚುವರಿ ಗಾಡಿ ಬೇಕು, ಇಲ್ಲವೇ ವೇಗದ ಚಾರ್ಜರು ಬೇಕು. ಎರಡೂ ಇಲ್ಲದೆ ವಿದ್ಯುತ್ ಕಾರು ಕೊಂಡರೆ ಉದ್ಘಾಟನೆಯ ಫೋಟೊ ಚೆನ್ನಾಗಿ ಬರುತ್ತದೆ, ಅಷ್ಟೇ. ಉದ್ಘಾಟನೆಯ ಮಾತು ಬಂದಾಗ ದುಬೈ ಪೊಲೀಸರ ಲ್ಯಾಂಬೋರ್ಗಿನಿ, ಬುಗಾಟಿಗಳನ್ನು ಮರೆಯುವಂತಿಲ್ಲ. ಅಲ್ಲಿರುವ ನಮ್ಮವರು ಅದರ ಮುಂದೆ ನಿಂತು ತೆಗೆಸಿಕೊಂಡ ಚಿತ್ರ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಬಂದೇ ಬರುತ್ತದೆ. ಆ ಕಾರುಗಳು ಪ್ರವಾಸಿಗರಿಗಾಗಿ ಇವೆ, ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿವೆ.

ನಮ್ಮ ದೇಶದಲ್ಲಿ ಪೊಲೀಸರಿಗೆ ಆಯ್ಕೆ ಎಂಬುದು ಬಹುಕಾಲ ಇರಲೇ ಇಲ್ಲ. ಸಾಹೇಬರಿಗೆ ಅಂಬಾಸಿಡರ್, ಠಾಣೆಗೆ ಜೀಪು, ಆಮೇಲೆ ಜಿಪ್ಸಿ. ಈಗ ಆಯ್ಕೆ ಇದೆ, ಕೆಲವು ಕಡೆ ಯೋಚನೆಯೂ ಕಾಣುತ್ತದೆ. ಪಂಜಾಬ್ ಸರ್ಕಾರ 2024ರ ಜನವರಿಯಲ್ಲಿ ಹೆದ್ದಾರಿಗಳಿಗೆಂದೇ ‘ಸಡಕ್ ಸುರಖ್ಯಾ ಫೋರ್ಸ್’ ಎಂಬ ಪಡೆ ಆರಂಭಿಸಿ 144 ವಾಹನ ಕೊಟ್ಟಿತು. ಅದರಲ್ಲಿ ಹೆಚ್ಚಿನವು ಟೊಯೋಟಾ ಹೈಲಕ್ಸ್ ಪಿಕಪ್‌ಗಳು, ಉಳಿದವು ಸ್ಕಾರ್ಪಿಯೊ. ಗಾಡಿಗೆ ಇಷ್ಟು ಕಿಲೋಮೀಟರ್ ಹೆದ್ದಾರಿ ಎಂದು ಹಂಚಿ, ಅಪಘಾತದಲ್ಲಿ ಸಿಕ್ಕಿಕೊಂಡವರನ್ನು ಬಿಡಿಸುವ ಸಲಕರಣೆ ಹೊರಲು ಪಿಕಪ್ ಆರಿಸಿದ್ದಾರೆ. ಮೊದಲು ಕೆಲಸ ಯಾವುದೆಂದು ಗೊತ್ತುಮಾಡಿಕೊಂಡು ಆಮೇಲೆ ಗಾಡಿ ಹುಡುಕಿದ್ದು ಅದರ ಹೆಚ್ಚುಗಾರಿಕೆ.

ಬೆಂಗಳೂರಿನ ಗಸ್ತು ವಾಹನ ಹೊಯ್ಸಳದ ಕೆಲಸ ಬೇರೆ. ತುರ್ತು ಸಂಖ್ಯೆ 112ಕ್ಕೆ ಕರೆ ಬಂದರೆ ಒಂದೆರಡು ಕಿಲೋಮೀಟರಿನೊಳಗಿನ ಜಗಳ, ಅಪಘಾತ, ಗಲಾಟೆಗೆ ಹೋಗಬೇಕು. ಉಳಿದ ಹೊತ್ತು ವೃತ್ತದಲ್ಲೋ ಶಾಲೆಯ ಮುಂದೋ ಬಾರ್ ಮುಚ್ಚುವ ಬೀದಿಯಲ್ಲೋ ನಿಂತಿರಬೇಕು. ಒಳಗೆ ಕರೆಯ ವಿವರ ತೋರಿಸುವ ಪರದೆ, ವಯರ್‌ಲೆಸ್, ಮೇಲೆ ನೀಲಿ ಕೆಂಪು ದೀಪ, ಹಿಂದೆ ಲಾಠಿ, ಹಗ್ಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಯಾರನ್ನೂ 160 ಕಿ.ಮೀ. ವೇಗದಲ್ಲಿ ಬೆನ್ನಟ್ಟುವ ಯೋಗ ಯಾವ ಪೊಲೀಸರಿಗೂ ಬರುವುದಿಲ್ಲ. ಆ ಗಲ್ಲಿಗಳಿಗೆ ನುಗ್ಗಲು ಪೊಲೀಸರ ಚೀತಾ ಬೈಕುಗಳೇ ವಾಸಿ. ಹೊಯ್ಸಳಕ್ಕೆ ಬೇಕಾದದ್ದು ಸಣ್ಣ ತಿರುವು, ತಂಪಾದ ಒಳಗು, ದೊಡ್ಡ ಬಾಗಿಲು, ಹೊತ್ತುಗಟ್ಟಲೆ ನಿಂತರೂ ಕೆಡದ ಎಂಜಿನ್.

ಈ ಕೊನೆಯದರಲ್ಲೇ ತೊಡಕಿರುವುದು. 2020ರ ಏಪ್ರಿಲಿನಿಂದ ಬಂದ ಬಿಎಸ್-6 ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಜಾಲರಿ ಇದೆ. ಹಿಡಿದ ಮಸಿಯನ್ನು ಸುಟ್ಟು ಖಾಲಿ ಮಾಡಬೇಕಾದರೆ ಸೈಲೆನ್ಸರ್ ಕೊಳವೆ ಚೆನ್ನಾಗಿ ಕಾಯಬೇಕು, ಅಂದರೆ ಗಾಡಿ ಕೆಲಹೊತ್ತು ಒಂದೇ ಸಮನೆ ಓಡಬೇಕು. ದಿನವಿಡೀ ನಿಂತು, ನಡುವೆ ಎರಡು ಕಿಲೋಮೀಟರ್ ತೆವಳುವ ಗಾಡಿಯಲ್ಲಿ ಅದು ಕಾಯುವುದೇ ಇಲ್ಲ. ಮಸಿ ಕಟ್ಟುತ್ತದೆ, ಎಚ್ಚರಿಕೆಯ ದೀಪ ಹತ್ತುತ್ತದೆ, ಎಂಜಿನ್ನಿನ ಶಕ್ತಿ ಕುಸಿಯುತ್ತದೆ, ಗಾಡಿ ಷೋರೂಮಿಗೆ. ಬೆಂಗಳೂರು–ಮೈಸೂರು ಹೆದ್ದಾರಿಯ ಗಸ್ತಿಗೆ ಅದೇ ಡೀಸೆಲ್ ಗಾಡಿ ಏನೂ ತಕರಾರು ಮಾಡುವುದಿಲ್ಲ. ಒಂದೇ ಆದೇಶದಲ್ಲಿ ಒಂದೇ ಮಾದರಿ ಕೊಂಡು ಎಲ್ಲ ಕಡೆಗೂ ಹಂಚುವ ಪದ್ಧತಿ ಇಲ್ಲಿ ಕೈಕೊಡುತ್ತದೆ.

ಖರೀದಿ ನಡೆಯುವುದು ಸಾರ್ವಜನಿಕ ಸಂಗ್ರಹಣೆಯ ನಿಯಮಗಳ ಚೌಕಟ್ಟಿನಲ್ಲಿ. ನಿಗದಿತ ಗುಣಗಳಿರುವ ಗಾಡಿಗಳಲ್ಲಿ ಕಡಿಮೆ ಬೆಲೆಯವನಿಗೆ ಆದೇಶ. ಭ್ರಷ್ಟಾಚಾರಕ್ಕೆ ಬಾಗಿಲು ಹಾಕುವ ದೃಷ್ಟಿಯಿಂದ ಈ ನಿಯಮ ಒಳ್ಳೆಯದೇ. ಆದರೆ ನಿಗದಿತ ಗುಣಗಳ ಪಟ್ಟಿಯಲ್ಲಿ ಎಷ್ಟು ಸಿಸಿ, ಎಷ್ಟು ಸೀಟು ಎಂದಷ್ಟೇ ಇದ್ದರೆ, ಹತ್ತು ವರ್ಷದ ಇಂಧನ, ರಿಪೇರಿ, ಗ್ಯಾರೇಜಿನಲ್ಲಿ ಕಳೆದ ದಿನಗಳು ಬೆಲೆಯೊಳಗೆ ಬರುವುದೇ ಇಲ್ಲ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ. ಕಾನೂನು ಸುವ್ಯವಸ್ಥೆಗೆ ಬಳಸುವ ಶಸ್ತ್ರಸಜ್ಜಿತ ವಿಶೇಷ ವಾಹನಗಳಿಗಷ್ಟೇ ವಿನಾಯಿತಿ, ಠಾಣೆಯ ಸಾಧಾರಣ ಜೀಪಿಗೆ ಇಲ್ಲ. ಹೀಗೆ ಗಾಡಿಯ ವಯಸ್ಸನ್ನು ಪಂಚಾಂಗ ಹೇಳುತ್ತದೆ, ದುಡಿಮೆಯನ್ನು ಕಿಲೋಮೀಟರ್ ಹೇಳುತ್ತದೆ. ನಿಂತು ಓಡಿದ ಗಂಟೆಗಳು ಯಾವ ಕಡತದಲ್ಲೂ ಬರುವುದಿಲ್ಲ. ಇದರ ಪೆಟ್ಟು ಚಾಲಕನಿಗೂ ಬೀಳುತ್ತದೆ. ಲೀಟರಿಗೆ ಇಷ್ಟು ಕಿಲೋಮೀಟರ್ ಬರಬೇಕು ಎಂಬ ಲೆಕ್ಕದಲ್ಲಿ ಲಾಗ್ ಪುಸ್ತಕ ನೋಡುವವರಿಗೆ, ರಾತ್ರಿಯಿಡೀ ದೀಪ ಉರಿಸಿಕೊಂಡು ನಿಂತ ಗಾಡಿಯ ಇಂಧನ ಎಲ್ಲೋ ಸೋರಿಹೋದಂತೆ ಕಾಣುತ್ತದೆ.

ಹೈಬ್ರಿಡ್ ಇನ್ನೋವಾ ಹೈಕ್ರಾಸ್ ನಮ್ಮ ಬಿಡದಿಯಲ್ಲೇ ತಯಾರಾಗುತ್ತದೆ. ನಿಂತಾಗ ಎಂಜಿನ್ ಆರಿಸಿ ಬ್ಯಾಟರಿಯಲ್ಲಿ ಎಸಿ ಓಡಿಸುವ ಗಾಡಿ ಅದು. ಆದರೆ ಅದರ ಬೆಲೆ ಹೊಯ್ಸಳದಲ್ಲಿ ಕಾಣುವ ಎರ್ಟಿಗಾದ ಎರಡು ಪಟ್ಟಿಗೂ ಹೆಚ್ಚು. ಎಲ್ಲ ಠಾಣೆಗೂ ಅದನ್ನೇ ಕೊಡಿ ಎನ್ನುವುದು ಹಣಕಾಸು ಇಲಾಖೆಯನ್ನು ನೋಡದವರ ಮಾತು. ಈಗಿರುವ ಪೆಟ್ರೋಲ್ ಗಾಡಿಗೆ ದೀಪ ಮತ್ತು ವಯರ್‌ಲೆಸ್‌ಗಾಗಿ ಪ್ರತ್ಯೇಕ ಬ್ಯಾಟರಿ ಇಟ್ಟು ಎಂಜಿನ್ ಆರಿಸಿ ನಿಲ್ಲುವಂತೆ ಮಾಡಿದರೆ ಖರ್ಚು ಎಷ್ಟೋ ಕಡಿಮೆ. ಎಸಿ ಸಿಗುವುದಿಲ್ಲ ನಿಜ. ಬೆಂಗಳೂರಿನ ರಾತ್ರಿಪಾಳಿಗೆ ಅದು ಬೇಡವೂ ಬೇಡ. ಕಲಬುರಗಿಯ ಮೇ ತಿಂಗಳಿಗೆ ಈ ಉಪಾಯ ನಡೆಯದು.

ಯಾವುದು ಎಲ್ಲಿಗೆ ಎಂದು ಊಹಿಸುವ ಅಗತ್ಯವೂ ಇಲ್ಲ. 112ರ ಗಾಡಿಗಳಲ್ಲಿ ಜಿಪಿಎಸ್ ಇದೆ. ಅದನ್ನು ಎಂಜಿನ್ ಚಾಲೂ ಆಗುವ ಸಂಕೇತದ ಜೊತೆ ಜೋಡಿಸಿದರೆ ಯಾವ ಗಾಡಿ ಎಷ್ಟು ಗಂಟೆ ಎಲ್ಲಿ ನಿಂತು ಓಡಿತು ಎಂಬುದು ಕುಳಿತಲ್ಲೇ ಸಿಗುತ್ತದೆ. ಪೊಲೀಸ್ ಇಲಾಖೆಯ ವಾಹನಗಳನ್ನು ನೋಡಿಕೊಳ್ಳುವ ಎಂಟಿ (ಮೋಟಾರ್ ಟ್ರಾನ್ಸ್‌ಪೋರ್ಟ್) ವಿಭಾಗ ಮುಂದಿನ ಟೆಂಡರ್ ಬರೆಯುವ ಮುಂಚೆ ಒಂದು ಬೇಸಿಗೆ ತಿಂಗಳ, ಒಂದು ಮಳೆಗಾಲದ ತಿಂಗಳ ಈ ಲೆಕ್ಕವನ್ನು ಠಾಣೆವಾರು ತೆಗೆಸಬೇಕು. ಅದರ ಜೊತೆಗೆ ಟೆಂಡರಿನಲ್ಲಿ ಎರಡು ಷರತ್ತು: ಗಂಟೆ ತೋರಿಸುವ ಮೀಟರು ಕಡ್ಡಾಯ, ದೀಪ ಮತ್ತು ವಯರ್‌ಲೆಸ್ ಅಳವಡಿಕೆಯ ಹೊಣೆ ಗಾಡಿ ಕೊಟ್ಟವನದೇ, ಕೊರೆದ ಪ್ರತಿ ತೂತಿನ ಸಮೇತ.